ದಿನಕ್ಕೊಂದು ಗೇಣು

ಅವರ ಗೇಣು ನನ್ನ ಗೇಣಿಗಿಂತ ಎರಡು ಬೆರಳು ದೊಡ್ಡದಿತ್ತು. ಮೂರು ವರ್ಷದ ಹಿಂದೆ ಒಂದು ಇಡೀ ತಿಂಗಳು ನಾವಿಬ್ಬರೂ ನಮ್ಮ ಮನೆಯ ಪಡಸಾಲೆಯ ನೆಲವನ್ನು ಗೇಣು ಹಾಕಿ ಅಳೆದವರು, ಹಾಗಾಗಿ ಇದು ನನಗೆ ಚೆನ್ನಾಗಿ ಗೊತ್ತು. ನಾನು ಅಳೆದದ್ದನ್ನು ಅವರು ಒಪ್ಪುತ್ತಿರಲಿಲ್ಲ. “ನಿಮ್ಮದು ಸಾಲಿ ಗೇಣ್ರಿ ಅಕ್ಕೋರ, ಎತ್ತಿನ ಗೇಣಲ್ಲ” ಎಂದು ತಾವೇ ಮೊಣಕಾಲೂರಿ, ಹೆಬ್ಬೆರಳು ಕಿರುಬೆರಳು ಚಾಚಿ, ಮತ್ತೆ ಮೊದಲಿನಿಂದ ಅಳೆಯುತ್ತಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುತ್ತಾರೆ. ನಾನು ನವಲಗುಂದದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ.

ಹೋದ ತಿಂಗಳು ಅವರು ತೀರಿಕೊಂಡರು. ಎಂಬತ್ತರ ಆಸುಪಾಸು ವಯಸ್ಸು. ಮಧ್ಯಾಹ್ನ ರೊಟ್ಟಿ ಉಂಡು ಮಲಗಿದವರು ಏಳಲಿಲ್ಲ. ಪುಣ್ಯವಂತರ ಸಾವು ಎಂದು ಊರೆಲ್ಲ ಅಂದಿತು, ನಾನೂ ಅಂದೆ. ಆದರೆ ಮನೆಗೆ ಬಂದು ಪಡಸಾಲೆಯ ಆ ನೆಲ ನೋಡಿದಾಗ ಅಳು ತಡೆಯಲಾಗಲಿಲ್ಲ.

ಊರಿನಲ್ಲಿ ಚಿಕ್ಕವರು ದೊಡ್ಡವರು ಎಲ್ಲರಿಗೂ ಅವರು ಚಾಚಾ. ಅವರ ಕೆಲಸ ಎತ್ತು ಕೂಡಿಸುವುದು. ಇದು ಈಗಿನ ಮಕ್ಕಳಿಗೆ ತಿಳಿಯುವುದಿಲ್ಲ, ಬಿಡಿಸಿ ಹೇಳಬೇಕು. ಜೋಡಿ ಎತ್ತಿನಲ್ಲಿ ಒಂದು ಸತ್ತರೆ ಒಕ್ಕಲಿಗ ಇನ್ನೊಂದನ್ನು ತರುತ್ತಿದ್ದ. ಹಳೆಯದು ಹೊಸದನ್ನು ಕೊಟ್ಟಿಗೆಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಹಾಯುವುದು, ಒದೆಯುವುದು, ನೊಗಕ್ಕೆ ಕಟ್ಟಿದರೆ ಒಂದು ಉತ್ತರಕ್ಕೆ ಇನ್ನೊಂದು ದಕ್ಷಿಣಕ್ಕೆ ಎಳೆಯುವುದು. ಆಗ ಚಾಚಾರನ್ನು ಕರೆಯುತ್ತಿದ್ದರು. ಅವರು ಬಾರಕೋಲು ಮುಟ್ಟುತ್ತಿರಲಿಲ್ಲ, ಮಂತ್ರ ತಂತ್ರವೂ ಇಲ್ಲ. ಎರಡು ಗೂಟ ಬಡಿದು ಎರಡೂ ಎತ್ತುಗಳನ್ನು ದೂರ ದೂರ ಕಟ್ಟುವುದು, ದಿನಕ್ಕೊಂದು ಗೇಣಿನಂತೆ ಗೂಟ ಹತ್ತಿರ ತರುವುದು, ಅಷ್ಟೆ. ಗೂಟ ಕೂಡುವ ಹೊತ್ತಿಗೆ ಎತ್ತುಗಳೂ ಕೂಡಿರುತ್ತಿದ್ದವು. ಟ್ರ್ಯಾಕ್ಟರು ಬಂದ ಮೇಲೆ ಅವರಿಗೆ ಕರೆ ನಿಂತುಹೋಯಿತು. ಆದರೂ ರೂಢಿ ಬಿಡದೆ ದಿನಾ ಬೆಳಿಗ್ಗೆ ದನದ ದವಾಖಾನೆಯ ಕಟ್ಟೆಯ ಮೇಲೆ ಬಂದು ಕೂಡುತ್ತಿದ್ದರು. ಬಂದ ಎಮ್ಮೆ, ಆಡು, ನಾಯಿ ಎಲ್ಲದರ ಹಣೆಯ ಮೇಲೆ ಎರಡು ಬೆರಳಿನಿಂದ ಮೆಲ್ಲಗೆ ಬಡಿದು ಯೋಗಕ್ಷೇಮ ಕೇಳುತ್ತಿದ್ದರು.

ದನಗಳ ಜೊತೆ ಇದ್ದ ತಾಳ್ಮೆ ಮನುಷ್ಯರ ಜೊತೆ ಇರಲಿಲ್ಲ. ಒಮ್ಮೆ ಯಾರೋ ತಮ್ಮ ಮಗ ಸೊಸೆಯ ಜಗಳ ಬಗೆಹರಿಸಿ ಎಂದು ಕೇಳಿದ್ದಕ್ಕೆ ಅರ್ಧ ಕುಡಿದ ಚಹಾ ಕೆಳಗಿಟ್ಟು ಎದ್ದರಂತೆ. “ಮನಷ್ಯಾರ ಜೋಡಿ ನಾ ಹಚ್ಚೂದಿಲ್ಲ. ಎತ್ತಿಗೆ ಮಾತ ಬರೂದಿಲ್ಲ, ಅದಕ್ಕ ಅವು ಕೂಡ್ತಾವ” ಎಂದು ಹೇಳಿ ಹೊರಟೇಬಿಟ್ಟರಂತೆ. ಚಾಚಿ, ಅಂದರೆ ಅವರ ಹೆಂಡತಿ, ಜಮಖಾನೆ ನೇಯುವವರು. ಮಗ್ಗದ ಮುಂದೆ ಕೂತಲ್ಲಿಂದಲೇ ಅವರು ದೂರು ಹೇಳುತ್ತಿದ್ದರು: “ಎತ್ತಿನ ಮುಂದ ಕುಂತಾಗ ಇವರ ಬಾಯಾಗ ಬೆಣ್ಣಿ. ನನ್ನ ಮುಂದ ಕುಂತ್ರ ಹಸಿ ಮೆಣಸಿನಕಾಯಿ.” ಚಾಚಾ ಟೊಪ್ಪಿಗೆ ತೆಗೆದು ಝಾಡಿಸಿ ಮತ್ತೆ ಹಾಕಿಕೊಳ್ಳುತ್ತಿದ್ದರು.

ಇಂಥವರು ನಮ್ಮ ಮನೆಗೆ ಹೇಗೆ ಬಂದರು ಎಂದು ಹೇಳಬೇಕಾದರೆ ನಾನು ಆ ಮನೆಗೆ ಹೇಗೆ ಬಂದೆ ಎಂಬಲ್ಲಿಂದ ಹೇಳಬೇಕು.

ನನ್ನ ಮದುವೆಯಾದದ್ದು ಮೂವತ್ತೊಂಬತ್ತನೇ ವಯಸ್ಸಿಗೆ. ತವರು ಕಲಘಟಗಿ. ಇನ್ನು ಇವಳಿಗೆ ಮದುವೆಯ ಯೋಗವಿಲ್ಲ ಎಂದು ಎಲ್ಲರೂ ಕೈಬಿಟ್ಟಾಗ, ನಾನೂ ಹಾಯಾಗಿದ್ದಾಗ, ಈ ಸಂಬಂಧ ಬಂತು. ನನ್ನ ಗಂಡ ಬಸ್ ಕಂಡಕ್ಟರು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ತಾಯಿ, ಮತ್ತು ಸುಮಾ ಎಂಬ ಹದಿಮೂರು ವರ್ಷದ ಮಗಳು. ಸುಮಾ ನನ್ನದೇ ಶಾಲೆಯಲ್ಲಿ ಎಂಟನೆಯ ಇಯತ್ತೆ. ನನ್ನ ತರಗತಿಯಲ್ಲಿ ಎರಡನೆಯ ಬೆಂಚಿನಲ್ಲಿ ಕೂಡುತ್ತಿದ್ದಳು. ನಾನು ಅವಳ ಮನೆಗೆ ಬಂದ ಮೇಲೂ ಅವಳಿಗೆ ನಾನು ಅಕ್ಕೋರೇ. “ಚಹಾ ತಗೋರಿ ಅಕ್ಕೋರ”, “ಹೌದ್ರಿ ಅಕ್ಕೋರ”, “ನಿಮಗ ಯಾರೋ ಫೋನ್ ಮಾಡ್ಯಾರ್ರಿ ಅಕ್ಕೋರ.” ಒಂದು ದಿನವೂ ಎದುರು ಮಾತಾಡಲಿಲ್ಲ. ಬಾಗಿಲು ಬಡಿಯಲಿಲ್ಲ. ಅತ್ತೆಯವರು “ಎಷ್ಟ ಸಂಭಾವಿತ ಹುಡುಗಿ ನೋಡು” ಅನ್ನುತ್ತಿದ್ದರು. ನನಗೆ ಮಾತ್ರ ಆ ‘ರಿ’ ಚುಚ್ಚುತ್ತಿತ್ತು. ನಮ್ಮ ಕಡೆ ತಾಯಿಗೆ ಯಾರೂ ‘ಬರ್ರಿ’ ಅನ್ನುವುದಿಲ್ಲ. ಅಜ್ಜಿಗೆ ಅವಳು ‘ಬಾ’ ಅನ್ನುತ್ತಿದ್ದಳು, ಅಪ್ಪನಿಗೆ ‘ಬಾ’ ಅನ್ನುತ್ತಿದ್ದಳು, ತರಕಾರಿ ಮಾರುವ ಮುದುಕಿಗೂ ‘ಬಾರಬೇ’ ಅನ್ನುತ್ತಿದ್ದಳು. ಮನೆಯೊಳಗೆ ‘ರಿ’ ಹಚ್ಚಿಸಿಕೊಳ್ಳುತ್ತಿದ್ದವಳು ನಾನೊಬ್ಬಳೇ.

ಅವಳ ಜೀವವೆಲ್ಲ ಇದ್ದದ್ದು ಗುಂಡ್ಯಾನ ಮೇಲೆ. ಗುಂಡ್ಯಾ ಒಂದು ಡೇಗು. ಡೇಗು ಅಂದರೆ ಇಲಿಯಲ್ಲ, ಅಳಿಲೂ ಅಲ್ಲ, ಎರಡರ ನಡುವಿನದೊಂದು ಸಣ್ಣ ಜೀವ. ಕಂದು ಮೈ, ದುಂಡನೆಯ ಕಿವಿ, ಬಾಲದ ತುದಿಗೆ ಕುಂಚದಂಥ ಕರಿಕೂದಲು, ಹಲ್ಲು ಮಾತ್ರ ಕಿತ್ತಳೆ ಬಣ್ಣ. ದಕ್ಷಿಣ ಅಮೆರಿಕದ ಕಡೆಯ ಪ್ರಾಣಿಯಂತೆ. ಹುಬ್ಬಳ್ಳಿಯಲ್ಲಿರುವ ಅವಳ ಸೋದರಮಾವ, ತಾಯಿ ಸತ್ತ ಹುಡುಗಿಗೆ ಹೊತ್ತು ಹೋಗಲೆಂದು, ಅಲ್ಲಿ ಇಂಥವನ್ನು ಸಾಕುವ ಒಬ್ಬರಿಂದ ಎರಡು ಮರಿ ತಂದುಕೊಟ್ಟಿದ್ದ. ಅಣ್ಣ ತಮ್ಮ. “ಮೊದಲ ಇಲಿಗೆ ಬೋನ ಇಡ್ತಿದ್ವಿ, ಈಗ ಇಲಿಗೆ ಮನಿ ಕಟ್ಟಿ ಕೊಟ್ಟೇವಿ” ಎಂದು ಅತ್ತೆಯವರು ಗೊಣಗುತ್ತಲೇ ಅವಕ್ಕೆ ಜೋಳದ ಕಣಕಿಯ ಎಳೆ ಎಲೆ ಆರಿಸಿ ಹಾಕುತ್ತಿದ್ದರು. ನಾನು ಬರುವುದಕ್ಕೆ ಎರಡು ತಿಂಗಳ ಮೊದಲು ತಮ್ಮ ಸತ್ತಿತ್ತು. ಗುಂಡ್ಯಾ ಒಂಟಿಯಾಗಿತ್ತು. ಮೊದಲು ಹಗಲೆಲ್ಲ ಚಿಂವ್ ಚಿಂವ್ ಎಂದು ಏನೋ ಹೇಳುತ್ತಿದ್ದದ್ದು ಈಗ ಮೂಲೆಯಲ್ಲಿ ಬೆನ್ನು ಮಾಡಿ ಕೂಡುತ್ತಿತ್ತು.

ನನಗೊಂದು ಹಂಚಿಕೆ ಹೊಳೆಯಿತು. ಇನ್ನೊಂದು ಡೇಗು ತಂದುಕೊಟ್ಟರೆ ಗುಂಡ್ಯಾ ಖುಷಿ, ಗುಂಡ್ಯಾ ಖುಷಿಯಾದರೆ ಸುಮಾ ಖುಷಿ, ಸುಮಾ ಖುಷಿಯಾದರೆ ನಾನು ಬಚಾವು. ಯಾರಿಗೂ ಹೇಳದೆ ಹುಬ್ಬಳ್ಳಿಗೆ ಹೋಗಿ ಅದೇ ಮನುಷ್ಯರಿಂದ ಒಂದನ್ನು ತಂದೆ. ಅದು ಗುಂಡ್ಯಾನದೇ ವಯಸ್ಸಿನ ಗಂಡು. ಕೂಡದಿದ್ದರೆ ತಿಂಗಳೊಳಗೆ ತಂದುಕೊಡಿ ಎಂದು ಅವರು ಅಂದದ್ದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ ನಡೆದದ್ದು ನಮ್ಮಂಥವರ ಮನೆಯಲ್ಲಿ ಮಾತ್ರ ನಡೆಯುವಂಥ ತಪ್ಪು. ಅತ್ತೆಯವರು ಹೊಸದನ್ನು ನೋಡಿ “ಪಾಪ, ಮನಿಗೆ ಬಂದೇತಿ, ಹಂಗ ಒಳಗ ಹಾಕಬಾರದು” ಎಂದರು. ಮನೆ ತುಂಬಿಸಿಕೊಳ್ಳುವ ಶಾಸ್ತ್ರ ಆಗಬೇಕೆಂದರು. ನನ್ನನ್ನು ಎರಡು ತಿಂಗಳ ಹಿಂದೆ ಹೇಗೆ ತುಂಬಿಸಿಕೊಂಡಿದ್ದರೋ ಹಾಗೇ! ಅದರ ಹಣೆಗೆ ವಿಭೂತಿ ಹಚ್ಚಿದರು. ಕರ್ಪೂರ ಹಚ್ಚಿ ಆರತಿ ಬೆಳಗಿದರು. ನಾನೂ ನಗುತ್ತ ಕೈಮುಗಿದೆ. ಸುಮಾ ಕೂಡ ಅವತ್ತು ಸ್ವಲ್ಪ ನಕ್ಕಳು. ನಾನೇ ನನ್ನ ಕೈಯಾರೆ ಗುಂಡ್ಯಾನ ಪಂಜರದ ಬಾಗಿಲು ತೆಗೆದು ಹೊಸದನ್ನು ಒಳಗೆ ಬಿಟ್ಟೆ.

ಗುಂಡ್ಯಾನ ಮೈಮೇಲಿನ ಕೂದಲೆಲ್ಲ ಸೆಟೆದು ನಿಂತಿತು. ಬಾಲ ನೆಲಕ್ಕೆ ಬಡಿಯತೊಡಗಿತು. ಹಲ್ಲು ಕಟಕಟ ಸದ್ದು ಮಾಡಿತು. ಮರುಕ್ಷಣ ಎರಡೂ ಒಂದೇ ಉಂಡೆಯಾಗಿ ಪಂಜರದ ತುಂಬ ಉರುಳಾಡಿದವು. ಸುಮಾ ಚೀರಿದಳು. ನಾನು ಬಿಡಿಸಲು ಕೈ ಹಾಕಿ ಹೊಸದರ ಬಾಲ ಹಿಡಿದೆ. ಡೇಗುವಿನ ಬಾಲ ಹಿಡಿಯಬಾರದು ಎಂದು ನನಗೆ ಗೊತ್ತಿರಲಿಲ್ಲ. ಬಾಲದ ತುದಿಯ ತೊಗಲು ಕುಂಚದ ಸಮೇತ ನನ್ನ ಬೆರಳಿನಲ್ಲೇ ಉಳಿಯಿತು. ಗುಂಡ್ಯಾನ ಕಿವಿಯಿಂದಲೂ ರಕ್ತ ಬರುತ್ತಿತ್ತು.

ಸುಮಾ ಗುಂಡ್ಯಾನನ್ನು ಎದೆಗೆ ಅವಚಿಕೊಂಡು ನನ್ನ ಮುಖ ನೋಡದೆ ಹೇಳಿದಳು: “ಹೊಸದನ್ನ ವಾಪಸ್ ಕಳಸ್ರಿ ಅಕ್ಕೋರ. ಇದು ಗುಂಡ್ಯಾನ ಮನಿ.” ದನಿ ಏರಿಸಲಿಲ್ಲ, ‘ರಿ’ಯನ್ನೂ ಬಿಡಲಿಲ್ಲ. ನನ್ನನ್ನೇ ಕುರಿತು ಹೇಳಿದಂತಿತ್ತು. ತಿಂಗಳೊಳಗೆ ಈ ಜೀವಗಳು ಕೂಡದಿದ್ದರೆ ಹೊಸದು ಹುಬ್ಬಳ್ಳಿಗೆ ಹೋಗುತ್ತದೆ, ನಾನು ಮಾತ್ರ ಈ ಮನೆಯಲ್ಲಿ ‘ರಿ’ ಹಚ್ಚಿಸಿಕೊಂಡು ಅತಿಥಿಯ ಹಾಗೆ ಮುದುಕಿಯಾಗುತ್ತೇನೆ ಅನ್ನಿಸಿತು.

ಎರಡನ್ನೂ ಬೇರೆ ಬೇರೆ ಬುಟ್ಟಿಯಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಹೋದೆವು. ಡಾಕ್ಟರು ಗಾಯ ತೊಳೆದು ಮುಲಾಮು ಕೊಟ್ಟರು. “ಗಾಯಕ್ಕ ಔಷಧ ಕೊಟ್ಟೀನ್ರಿ. ಜಗಳಕ್ಕ ನನ್ನ ಕಡೆ ಔಷಧ ಇಲ್ಲ. ಹೊರಗ ಕಟ್ಟಿ ಮ್ಯಾಲ ಚಾಚಾ ಕುಂತಾರ, ಕೇಳಿ ನೋಡ್ರಿ” ಎಂದು ನಕ್ಕರು. ಅವರು ಚೇಷ್ಟೆಗೆ ಅಂದದ್ದು. ನಾನು ಹೋಗಿ ಕೇಳಿಯೇ ಬಿಟ್ಟೆ.

ಚಾಚಾ ಮೊದಲು ಬುಟ್ಟಿಯೊಳಗೆ ಇಣುಕಲಿಲ್ಲ. ಬುಟ್ಟಿಯ ಬಾಜು ಕೂತು ಬೇರೆ ಕಡೆ ನೋಡುತ್ತ ಐದು ನಿಮಿಷ ಕಳೆದರು. ಆಮೇಲೆ ಹೊಸದನ್ನು ಮೂಸಿ ನೋಡಿದರು.

“ಕರ್ಪೂರದ ವಾಸನಿ ಬರತೈತಲ್ರಿ.”

ಆರತಿಯ ಕಥೆ ಹೇಳಿದೆ. ಹಲ್ಲಿಲ್ಲದ ಬಾಯಿ ತೆರೆದು ಎಷ್ಟು ನಕ್ಕರೆಂದರೆ ಕಟ್ಟೆಯ ಕೆಳಗಿದ್ದ ಆಡು ಬೆದರಿತು. “ಮೊದಲ ಪರದೇಶಿ. ಅದರ ಮ್ಯಾಲ ಕರ್ಪೂರ ಹಚ್ಚಿ ಇನ್ನಷ್ಟ ಪರದೇಶಿ ಮಾಡೀರಿ. ಇವಕ್ಕ ಕಣ್ಣಿಗಿಂತ ಮೂಗ ಮುಂದರಿ. ಎತ್ತಿಗೂ ಹಂಗ. ವಾಸನಿ ಒಪ್ಪಿದ್ರ ಮುಖ ಒಪ್ಪತಾವ.” ಆಮೇಲೆ ಸುಮಾಳ ಕಡೆ ತಿರುಗಿ, “ಏನ ಬೇಟಾ, ನಿನ್ನ ಗುಂಡ್ಯಾಂದ ತಪ್ಪಿಲ್ಲ. ಅದರ ಮನ್ಯಾಗ ಹೇಳದ ಕೇಳದ ಯಾರೋ ಬಂದು ನಿಂತ್ರ ಅದೇನ ಮಾಡಬೇಕು?” ಎಂದರು.

ಸುಮಾ ತಲೆ ಎತ್ತಿ ಅವರನ್ನು ನೋಡಿದಳು. ಬಹುಶಃ ಅವಳಿಗೆ ಈ ಮಾತು ಹೇಳಿದವರು ಅವರೊಬ್ಬರೇ.

“ಹೊಸಾಂವಂದೂ ತಪ್ಪಿಲ್ಲ,” ಎಂದು ಮುಂದುವರಿಸಿದರು. “ಅಂವ ತಾನಾಗಿ ಬಂದಿಲ್ಲ, ತಂದಾರ.”

ಅಂದಿನಿಂದ ಹೊಸದಕ್ಕೆ ‘ಹೊಸಾಂವ’ ಎಂಬ ಹೆಸರೇ ನಿಂತಿತು. ಮರುದಿನದಿಂದ ಚಾಚಾ ದಿನಾ ಶಾಲೆ ಬಿಟ್ಟ ಮೇಲೆ ನಮ್ಮ ಮನೆಗೆ ಬರತೊಡಗಿದರು. ಇನ್ನೊಂದು ಪಂಜರ ತರಿಸಿದೆವು. ಗಾಯ ಮಾಯಲು ಹತ್ತು ದಿನ ಬೇಕಾದವು. ಆಮೇಲೆ ಪಡಸಾಲೆಯಲ್ಲಿ ಎರಡೂ ಪಂಜರಗಳ ನಡುವೆ ಹನ್ನೆರಡು ಗೇಣು ಅಂತರ. “ದಿನಕ್ಕೊಂದ ಗೇಣ. ಅವಸರ ಮಾಡೂದಲ್ಲ” ಎಂಬುದು ಕರಾರು. ಇನ್ನೊಂದು ಕರಾರು ಅದಲು ಬದಲಿನದು. ಡೇಗುಗಳಿಗೆ ನೀರಿನ ಸ್ನಾನವಿಲ್ಲ. ತಟ್ಟೆಯಲ್ಲಿ ಸಣ್ಣ ಮರಳು ಇಟ್ಟರೆ ಅದರಲ್ಲಿ ಹೊರಳಾಡಿ ಮೈ ಸ್ವಚ್ಛ ಮಾಡಿಕೊಳ್ಳುತ್ತವೆ. ಚಾಚಾ ಗುಂಡ್ಯಾ ಹೊರಳಿದ ಮರಳನ್ನು ಹೊಸಾಂವನ ಪಂಜರಕ್ಕೆ, ಹೊಸಾಂವ ಹೊರಳಿದ ಮರಳನ್ನು ಗುಂಡ್ಯಾನ ಪಂಜರಕ್ಕೆ ಇಡಿಸುತ್ತಿದ್ದರು. ಹಾಸಿದ ಹುಲ್ಲನ್ನೂ ಹಾಗೇ. ಒಂದು ದಿನ ನಾನು ಗಡಿಬಿಡಿಯಲ್ಲಿ ಒಂದು ಕಡೆ ಮಾತ್ರ ಬದಲಿಸಿದ್ದೆ. ನೋಡಿದ ಕೂಡಲೇ ಗದರಿದರು: “ಒಂದ ಕಡೆ ಮಾಡಿದ್ರ ಅದು ಮೋಸರಿ. ಇದಕ್ಕ ಅದರ ವಾಸನಿ ಗೊತ್ತಾಗಿ, ಅದಕ್ಕ ಇದರ ವಾಸನಿ ಗೊತ್ತಾಗಲಿಲ್ಲಂದ್ರ ಏನ ಬಂತು? ಯಾವಾಗ್ಲೂ ಎರಡೂ ಕಡೆ ಮಾಡಬೇಕು.”

ಸುಮಾ ದಿನಾ ಅವರ ಪಕ್ಕ ಕೂತು ಕಲಿಯುತ್ತಿದ್ದಳು. ಎದ್ದು ನಿಂತು ಕೈ ಕೈ ತಳ್ಳಾಡಿದರೆ ಅದು ಆಟ. ಒಂದನ್ನೊಂದು ಅಟ್ಟಿಸಿಕೊಂಡು ಹೋದರೆ ಅದು ಯಾರು ದೊಡ್ಡವರೆಂದು ಗೊತ್ತು ಮಾಡಿಕೊಳ್ಳುವುದು, ಬಿಡಿಸಬಾರದು. ಕೂದಲು ಸೆಟೆದು ಹಲ್ಲು ಕಟಕಟಿಸಿದರೆ ಮಾತ್ರ ಎಚ್ಚರ. ಹಾಗಾದಾಗ ಕೈ ಹಾಕದೆ ನಡುವೆ ಒಂದು ರಟ್ಟು ಇಳಿಸಬೇಕು. ಇದರಲ್ಲಿ ಅರ್ಧವನ್ನು ಚಾಚಾ ಎತ್ತಿನ ಅನುಭವದಿಂದ ಹೇಳಿದರೆ ಅರ್ಧವನ್ನು ಸುಮಾ ಗುಂಡ್ಯಾ ಮತ್ತು ಅದರ ತಮ್ಮನನ್ನು ನೋಡಿ ತಿಳಿದದ್ದರಿಂದ ಹೇಳುತ್ತಿದ್ದಳು. ಇಬ್ಬರೂ ತಜ್ಞರು. ನಾನು ಚಹಾ ಮಾಡುವವಳು.

ಐದು ಗೇಣಿಗೆ ಬಂದಾಗ ನನ್ನ ತಲೆ ಕೆಟ್ಟಿತು. ಎರಡೂ ತಂತಿಗೆ ಮೂಗು ಹಚ್ಚಿ ಒಂದನ್ನೊಂದು ನೋಡುತ್ತಿದ್ದವು, ಇನ್ನೇನು ಕೂಡಿದವು ಅನ್ನಿಸಿತು. ಭಾನುವಾರ ಚಾಚಾ ಯಾವುದೋ ಕೆಲಸಕ್ಕೆ ಯಮನೂರಿಗೆ ಹೋಗಿದ್ದರು. ಸುಮಾ ಗೆಳತಿಯ ಮನೆಗೆ ಹೋಗಿದ್ದಳು. ನಾನು ಐದೂ ಗೇಣನ್ನು ಒಂದೇ ಸಲ ಮುಗಿಸಿ ಪಂಜರಕ್ಕೆ ಪಂಜರ ಅಂಟಿಸಿಬಿಟ್ಟೆ. ಅರ್ಧ ತಾಸಿನಲ್ಲಿ ತಂತಿಯ ಸಂದಿಯಿಂದಲೇ ಗುಂಡ್ಯಾ ಹೊಸಾಂವನ ಕಾಲಿನ ಬೆರಳು ಕಚ್ಚಿತ್ತು.

ಸುಮಾ ಬಂದು ನೋಡಿದಳು. ನನ್ನ ಕಡೆ ತಿರುಗದೆ ಮುಲಾಮು ತಂದು ಹೊಸಾಂವನ ಬೆರಳಿಗೆ ಹಚ್ಚಿದಳು. ಅದೇ ನನಗೆ ಹೆಚ್ಚು ಅಂಜಿಕೆ ತಂದಿತು. ಸಂಜೆ ಚಾಚಾ ಬಂದಾಗ ಶಾಲೆಯ ಹುಡುಗಿಯ ಹಾಗೆ ಗೋಡೆಗೆ ಆತು ನಿಂತು ತಪ್ಪೊಪ್ಪಿಕೊಂಡೆ. ತಿಂಗಳಿಗೆ ಹನ್ನೊಂದೇ ದಿನ ಉಳಿದಿದ್ದವು. ನಾಳೆ ಹುಬ್ಬಳ್ಳಿಗೆ ಬಿಟ್ಟು ಬರುತ್ತೇನೆ, ನನ್ನಿಂದ ಆಗುವುದಿಲ್ಲ ಎಂದೆ.

ಚಾಚಾ ಮೊಣಕಾಲೂರಿ ಕೂತು ಗೇಣು ಹಾಕುತ್ತ ಪಂಜರವನ್ನು ಹಿಂದಕ್ಕೆ ಸರಿಸಿದರು. ಒಂದು, ಎರಡು, ಮೂರು... ಏಳಕ್ಕೆ ನಿಲ್ಲಿಸಿದರು. “ಏಳರಿಂದ ಮತ್ತ ಶುರು ಮಾಡೂಣು. ಹಿಂದ ಸರದ್ರ ಸೋತಂಗಲ್ರಿ ಅಕ್ಕೋರ. ನನ್ನ ಕೈಯಾಗ ಕುಂದಗೋಳದ್ದೊಂದು ಎತ್ತು ನಾಕ ಸಲ ಹಿಂದ ಹೋಗಿತ್ತು. ಆಮ್ಯಾಲ ತನ್ನ ಜೋಡಿ ಎದ್ದ ಹೊರತು ತಾ ಏಳತಿರಲಿಲ್ಲ.” ಆಮೇಲೆ, “ನಿಮ್ಮ ಕೆಲಸಾ ಏನಂದ್ರ, ಮನಿ ಖಾಲಿ ಮಾಡೂದು” ಎಂದರು.

“ಯಾವ ಮನಿರಿ?” ಎಂದೆ. ಈ ಮನೆಯನ್ನೇ ಅಂದರೇನೋ ಅಂದುಕೊಂಡಿದ್ದೆ.

“ಪಂಜರದ ಮನಿರಿ. ನೀವು ತುಂಬಿಸ್ಕೊಳ್ಳೂದು ಮಾಡಿದ್ರಿ, ಅದಕ್ಕಿಂತ ಮೊದಲ ಖಾಲಿ ಮಾಡೂದು ಮಾಡಲಿಲ್ಲ. ಗುಂಡ್ಯಾನ ಮನ್ಯಾಗ ಎಲ್ಲಾ ಗುಂಡ್ಯಾಂದ. ಆ ತಟ್ಟಿ ಅಲ್ಲೆ, ಆ ಡಬ್ಬಿ ಇಲ್ಲೆ. ಎಲ್ಲಾ ತಗದು, ಬಿಸಿನೀರಾಗ ತೊಳದು, ಬಿಸಲಿಗೆ ಹಾಕಿ, ಹಳೇ ಸಾಮಾನ ಹೊಸಾ ಜಾಗಾಕ್ಕ ಇಡ್ರಿ. ಅದಕ್ಕೂ ಹೊಸಾ ಮನಿ ಆಗಬೇಕು, ಇದಕ್ಕೂ ಹೊಸಾ ಮನಿ ಆಗಬೇಕು. ಹಳೇದನ್ನ ಒಗೀಬ್ಯಾಡ್ರಿ ಮತ್ತ. ಜಾಗಾ ಅಷ್ಟ ಬದಲಿ.”

ಏಳು ಗೇಣು ಕರಗುವಷ್ಟರಲ್ಲಿ ಸುಮಾ ಮತ್ತು ನಾನು ಹಿತ್ತಲಿನಲ್ಲಿ ಕೂತು ಗುಂಡ್ಯಾನ ಪಂಜರ ತಿಕ್ಕಿದೆವು. ಇಬ್ಬರೂ ಕೂಡಿ ಮಾಡಿದ ಮೊದಲ ಕೆಲಸ ಅದು. ಎರಡು ಹುಲ್ಲಿನ ಬಟ್ಟಲು, ಎರಡು ನೀರಿನ ಬಾಟಲಿ. ಅಡಗಿಕೊಳ್ಳುವ ಡಬ್ಬಿಗಳೂ ಎರಡು. ಒಂದು ಒಳಗೆ ಬಂದರೆ ಇನ್ನೊಂದು ಹೊರಗೆ ಓಡಲು ದಾರಿ ಇರಲೆಂದು ಸುಮಾಳ ಸಲಹೆಯಂತೆ ಎರಡೂ ಡಬ್ಬಿಗೆ ಎರಡೆರಡು ತೂತು ಕೊರೆದೆವು. ಎಲ್ಲ ಮುಗಿಸಿ ಕೈ ಒರೆಸಿಕೊಳ್ಳುವಾಗ ಅವಳು ಅಡುಗೆಮನೆಯ ಕಡೆ ನೋಡಿ ಕೇಳಿದಳು: “ಅಲ್ಲಿ ಡಬ್ಬಿನೂ ಬ್ಯಾರೆ ಕಡೆ ಇಡೂಣೇನ್ರಿ ಅಕ್ಕೋರ?”

ಅಡುಗೆಮನೆಯ ಹಲಗೆಯ ಮೇಲಿನ ಸಾಲು ಡಬ್ಬಿಗಳ ಮೇಲೆ ಅವಳ ತಾಯಿಯ ಕೈಬರಹದ ಚೀಟಿಗಳಿದ್ದವು. ಕಡಲಿಬ್ಯಾಳಿ, ಶೇಂಗಾ, ಗುರೆಳ್ಳು. ನನ್ನ ಕೈಗೆ ಎಟುಕದಷ್ಟು ಮೇಲೆ. ಅವಳ ತಾಯಿ ನನಗಿಂತ ಎತ್ತರವಿದ್ದಿರಬೇಕು. ನಾನು ಬಂದಾಗಿನಿಂದ ದಿನಾ ಸ್ಟೂಲು ಹತ್ತಿ ಇಳಿಸಿ ಮತ್ತೆ ಹತ್ತಿ ಅಲ್ಲೇ ಇಡುತ್ತಿದ್ದೆ. ಒಂದನ್ನೂ ಒಂದು ಬೆರಳು ಆಚೀಚೆ ಮಾಡಿರಲಿಲ್ಲ. ಅದನ್ನು ಅವಳು ನೋಡುತ್ತಿದ್ದಳೆಂದು ನನಗೆ ಗೊತ್ತಿರಲಿಲ್ಲ. ಇಬ್ಬರೂ ಕೂಡಿ ಎಲ್ಲವನ್ನೂ ಕೆಳಗಿನ ಹಲಗೆಗೆ ಇಳಿಸಿದೆವು. ಚೀಟಿಗಳು ಹಾಗೇ ಇದ್ದವು. ಗುರೆಳ್ಳಿನ ಡಬ್ಬಿಯನ್ನು ಮಾತ್ರ ಅವಳು ತಾನೇ ಎತ್ತಿ, ತನ್ನ ಅಂಗಿಯ ತುದಿಯಿಂದಲೇ ಒರೆಸಿ, ನನ್ನ ಕೈಗೆ ಹತ್ತಿರವಾಗುವಂತೆ ಮುಂದೆ ಇಟ್ಟಳು. ನಾನು ಒಲೆಯ ಕಡೆ ತಿರುಗಿ ನಿಂತೆ.

ಗೇಣು ಮುಗಿದ ದಿನ ಚಾಚಾ ಇಬ್ಬರನ್ನೂ ಅವರವರ ಪಂಜರದಿಂದ ತೆಗೆಸಿ, ಯಾರದೂ ಅಲ್ಲದ ಜಾಗ ಬೇಕೆಂದು ಅತ್ತೆಯವರ ಖಾಲಿ ತಗಡಿನ ಕಣಜದೊಳಗೆ ಬಿಡಿಸಿದರು. ನಡುವೆ ಒಂದೇ ಮರಳಿನ ತಟ್ಟೆ. ಸುಮಾ ರಟ್ಟು ಹಿಡಿದು ಸಿದ್ಧಳಾಗಿ ನಿಂತಿದ್ದಳು. ಗುಂಡ್ಯಾ ಹೊಸಾಂವನನ್ನು ಎರಡು ಸುತ್ತು ಅಟ್ಟಿತು. ಹೊಸಾಂವ ಮರಳಿನಲ್ಲಿ ಬಿದ್ದು ಹೊರಳಾಡಿತು. ಗುಂಡ್ಯಾ ನಿಂತು ನೋಡಿ, ತಾನೂ ಹೋಗಿ ಹೊರಳಿತು. ರಟ್ಟು ಇಳಿಸುವ ಪ್ರಸಂಗ ಬರಲಿಲ್ಲ. ದಿನಾ ಸಂಜೆ ಹೀಗೇ ಒಂದು ತಾಸು. ಕೊನೆಗೆ ತೊಳೆದ ಪಂಜರಕ್ಕೆ ಎರಡನ್ನೂ ಒಟ್ಟಿಗೆ ಬಿಟ್ಟೆವು. ಅವತ್ತು ಅತ್ತೆಯವರಿಗೆ ಆರತಿ ತಟ್ಟೆ ಮುಟ್ಟಲು ಬಿಡಲಿಲ್ಲ.

ಅದರ ಮರುದಿನ ಮಧ್ಯಾಹ್ನ ನಾನು ಒಳಗೆ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಪಡಸಾಲೆಯಿಂದ ಸುಮಾ ಪಿಸುದನಿಯಲ್ಲೇ ಕೂಗಿದಳು.

“ಅಕ್ಕೋರ, ಲಗೂ ಬಾ! ನೋಡಿಲ್ಲೆ!”

ಹೋದೆ. ಗುಂಡ್ಯಾ ಮತ್ತು ಹೊಸಾಂವ ಒಂದರ ಬೆನ್ನ ಮೇಲೆ ಒಂದು ಕುತ್ತಿಗೆ ಹಾಕಿ ನಿದ್ದೆ ಮಾಡುತ್ತಿದ್ದವು. ಸುಮಾ ನನ್ನ ತೋಳು ಹಿಡಿದು ಬಗ್ಗಿಸಿ ತೋರಿಸುತ್ತಿದ್ದಳು. ನಾನು ನೋಡಿದೆ ಎಂದು ಹೇಳಿದೆನಾದರೂ ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ. ‘ಅಕ್ಕೋರ, ಬಾ.’ ಕರೆದ ಹೆಸರಿನಲ್ಲಿ ಬಹುವಚನ, ಕ್ರಿಯಾಪದದಲ್ಲಿ ಏಕವಚನ. ಒಳಗೆ ತಿದ್ದುತ್ತಿದ್ದ ಪತ್ರಿಕೆಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಕೆಂಪು ಗೆರೆ ಎಳೆದಿರುತ್ತಿದ್ದೆ. ಹದಿನೈದು ವರ್ಷದ ನೌಕರಿಯಲ್ಲಿ ಅಷ್ಟು ಚೆಂದದ ತಪ್ಪನ್ನು ನಾನು ಕೇಳಿರಲಿಲ್ಲ.

ತಡೆಯಲಾಗದೆ ಅವತ್ತೇ ಚಾಚಾರ ಮನೆಗೆ ಓಡಿದೆ. ಡೇಗುಗಳು ಕೂಡಿದ್ದನ್ನು ಹೇಳಿದೆ. ಆಮೇಲೆ ನಾಚಿಕೆ ಬಿಟ್ಟು ‘ರಿ’ ಬಿದ್ದದ್ದನ್ನೂ ಹೇಳಿದೆ. ಅವರು ಟೊಪ್ಪಿಗೆ ತೆಗೆದು ಝಾಡಿಸಿದರು.

“ಅಕಿಗೆ ಗೊತ್ತಿಲ್ರಿ ಅದು. ಬಾಯಿಂದ ತಾನ ಬಿದ್ದೈತಿ. ನೀವು ಕೇಳಿಸ್ಕೊಂಡೀನಿ ಅಂತ ತೋರಿಸಿದ್ರ, ನಾಚಿ ಮತ್ತ ‘ರಿ’ ಹಚ್ಚತಾಳ. ಏನೂ ಆಗಿಲ್ಲದಂಗ ಇದ್ದುಬಿಡ್ರಿ. ಬಸ್.”

ಬಸ್ ಎಂದರೆ ಮುಗಿಯಿತು, ಮುಂದೆ ಮಾತಿಲ್ಲ. ಒಳಗಿನಿಂದ ಚಾಚಿ, “ಮನಷ್ಯಾರ ಜೋಡಿ ಹಚ್ಚೂದಿಲ್ಲ ಅಂತಿದ್ರೆಲ್ಲಾ?” ಎಂದು ಕೆಣಕಿದರು. “ನಾ ಇಲಿ ಸುದ್ದಿ ಮಾತಾಡಾಕತ್ತೀನಿ” ಎಂದು ಗುಡುಗಿದರು ಚಾಚಾ.

ಅವರು ಹೇಳಿದಂತೆಯೇ ಮಾಡಿದೆ. ಮೂರು ವರ್ಷ ಕೇಳಿಸಿಕೊಂಡೂ ಕೇಳಿಸಿಕೊಳ್ಳದವಳ ಹಾಗೆ ಇದ್ದೆ. ‘ಬಾ’, ‘ಉಣ್ಣು’, ‘ನನ್ನ ಪೆನ್ ಎಲ್ಲಿ ಇಟ್ಟಿ?’ ಎಲ್ಲ ಬಂದವು. ಒಂದೆರಡು ಸಲ ‘ನಿನಗೇನ ತಿಳಿತದ!’ ಎಂಬುದೂ ಬಂತು, ಅವತ್ತು ನಾನು ಒಳಗೊಳಗೇ ಹಬ್ಬ ಮಾಡಿದೆ. ‘ಅಕ್ಕೋರ’ ಮಾತ್ರ ಹಾಗೇ ಉಳಿಯಿತು, ಉಳಿಯಲಿ. ಚಾಚಾ ಆಗಾಗ ಬಂದು ಪಂಜರದ ಬಾಜು ಬೇರೆ ಕಡೆ ನೋಡುತ್ತ ಕೂಡುತ್ತಿದ್ದರು. ಗುಂಡ್ಯಾನ ಹಣೆಗೆ ಎರಡು ಬೆರಳು, ಹೊಸಾಂವನ ಹಣೆಗೆ ಎರಡು ಬೆರಳು. ಒಂದಕ್ಕೆ ಬಡಿದು ಇನ್ನೊಂದಕ್ಕೆ ಬಡಿಯದೆ ಎದ್ದದ್ದನ್ನು ನಾನು ನೋಡಲಿಲ್ಲ.

ಅವರು ಹೋಗಿ ನಾಲ್ಕು ದಿನ ಬಿಟ್ಟು ನಾನು, ಸುಮಾ ಚಾಚಿಯನ್ನು ಮಾತಾಡಿಸಲು ಹೋದೆವು. ಸುಮಾ ಈಗ ಪಿಯುಸಿ. ದನದ ಡಾಕ್ಟರಾಗುತ್ತೇನೆ ಅನ್ನುತ್ತಾಳೆ. ಮಗ್ಗದ ಮೇಲೆ ಅರ್ಧ ನೇಯ್ದ ಜಮಖಾನೆ ಹಾಗೇ ನಿಂತಿತ್ತು. ಬಾಗಿಲ ಹಿಂದೆ ಎತ್ತಿನ ಎರಡು ಗೂಟ ಒರಗಿದ್ದವು. ಚಾಚಿ ಅತ್ತರು, ಸ್ವಲ್ಪ ಬೈದರು, ಮತ್ತೆ ಅತ್ತರು. ಸುಮಾ ಅವರ ಕೈ ಹಿಡಿದು ಬಹಳ ಹೊತ್ತು ಕೂತಳು.

ತಿರುಗಿ ಬರುವಾಗ ದಾರಿಯಲ್ಲಿ ಸುಮಾ ಮುಂದೆ ನಡೆಯುತ್ತಿದ್ದಳು. ನಮ್ಮ ಓಣಿಯ ತಿರುವಿಗೆ ಬಂದಾಗ ನಿಂತಳು.

“ಅಕ್ಕೋರ, ನಿನಗೊಂದು ಮಾತ ಹೇಳ್ಲೇನು? ಹೇಳಬ್ಯಾಡ ಅಂದಿದ್ರು ಚಾಚಾ. ಈಗ ಅವರ ಇಲ್ಲ.”

“ಹೇಳು.”

“ಅವತ್ತ ಗುಂಡ್ಯಾ ಹೊಸಾಂವ ಕೂಡಿ ಮಲಗಿದ್ವಲ್ಲ, ನಾ ನಿನಗ ‘ಬಾ’ ಅಂದೆ. ಅಂದ ಮ್ಯಾಲ ನನಗ ಭಾಳ ಅಂಜಿಕಿ ಬಂತು. ಮರುದಿನ ಚಾಚಾಗ ಕೇಳಿದೆ, ತಪ್ಪಾತೇನ್ರಿ ಅಂತ. ಅವರು, ‘ಏನೂ ತಪ್ಪಿಲ್ಲ ಬೇಟಾ. ನಿಮ್ಮ ಅಕ್ಕೋರಿಗೆ ಅದು ಇನ್ನೂ ಗೊತ್ತಾಗಿಲ್ಲ. ಗೊತ್ತಾತಂದ್ರ ಅಳತಾರ, ನಿನಗೂ ಸಂಕೋಚ ಆಗತೈತಿ. ಏನೂ ಆಗಿಲ್ಲದಂಗ ಹಂಗ ಅನಕೋತ ಹೋಗು’ ಅಂದ್ರು. ಅದಕ್ಕ ನಾ ಇಷ್ಟ ವರ್ಷ ಸುಮ್ಮನ ಇದ್ದೆ.”

ನಾನು ಓಣಿಯ ನಡುವೆ ನಿಂತೆ. ಎರಡೂ ಕಡೆ ಮಾಡಬೇಕು ಎಂದಿದ್ದರು. ಮನುಷ್ಯರ ಜೋಡಿ ನಾ ಹಚ್ಚುವುದಿಲ್ಲ ಎಂದೂ ಅವರೇ ಅಂದಿದ್ದರು.

“ನನಗೂ ಇದನ್ನ ಹೇಳಿದ್ರಬೇ ಅವರು” ಎಂದು ಹೇಳಲು ಹೋದೆ. ಅರ್ಧದಲ್ಲೇ ಕಣ್ಣೀರು ಬಂತು.

ಸುಮಾ ತನ್ನ ಓಢಣಿಯ ತುದಿಯನ್ನು ನನ್ನ ಕೈಗೆ ಕೊಟ್ಟಳು.

“ನೋಡು, ಅಳಾಕತ್ತಿ,” ಅಂದಳು. “ಅದಕ್ಕ ಹೇಳಬ್ಯಾಡ ಅಂದಿದ್ರು.”